ಹಳೇ ಗೇಮ್ ಕನ್ಸೋಲ್, ಆರ್‌ಜಿಬಿ ಮಾನಿಟರ್: ಚಿತ್ರ ಅಲುಗಾಡದೆ ನಿಲ್ಲುವಂತೆ ಮಾಡುವುದು ಹೇಗೆ

ಹಳೇ ಕನ್ಸೋಲನ್ನು ಆರ್‌ಜಿಬಿ ಮಾನಿಟರ್‌ಗೆ ಹಾಕಿದ್ದೀರಿ. ಬಣ್ಣ ಚೆನ್ನಾಗಿ ಬರುತ್ತಿದೆ, ಆದರೆ ಚಿತ್ರ ಒಂದು ಕಡೆ ನಿಲ್ಲುತ್ತಿಲ್ಲ. ಹಾಗಿದ್ದರೆ ತೊಂದರೆ ಇರುವುದು ಸಿಂಕ್‌ನಲ್ಲಿ. ಕೆಂಪು, ಹಸಿರು, ನೀಲಿ ತಂತಿಗಳು ಬಣ್ಣವನ್ನು ಮಾತ್ರ ತರುತ್ತವೆ. ಒಂದೊಂದು ಗೆರೆ ಎಲ್ಲಿ ಶುರುವಾಗಬೇಕು, ಯಾವಾಗ ಮತ್ತೆ ಮೇಲಿಂದ ಬರೆಯಬೇಕು ಅಂತ ಮಾನಿಟರ್‌ಗೆ ಹೇಳುವುದು ಸಿಂಕ್ ಒಂದೇ.

ಇಂಥ ಸಮಯದಲ್ಲಿ ಹೆಚ್ಚಿನವರು ಮೊದಲು ಹೊಸ ಕೇಬಲ್ ತರಿಸುತ್ತಾರೆ. ಅದೂ ಕೆಲಸ ಮಾಡದಿದ್ದರೆ ಇನ್ನೊಂದು. ದಯವಿಟ್ಟು ಹಾಗೆ ಮಾಡಬೇಡಿ. ಕನ್ಸೋಲ್ ಯಾವ ಬಗೆಯ ಸಿಂಕ್ ಕೊಡುತ್ತಿದೆ, ಎಷ್ಟು ವೋಲ್ಟ್‌ನಲ್ಲಿ ಕೊಡುತ್ತಿದೆ, ಮಾನಿಟರ್ ಅದನ್ನು ಯಾವ ತಂತಿಯಲ್ಲಿ ಹುಡುಕುತ್ತಿದೆ, ಈ ಮೂರು ಗೊತ್ತಾದರೆ ಮುಕ್ಕಾಲು ಪಾಲು ಕೇಸ್‌ಗಳು ದುಡ್ಡು ಖರ್ಚಿಲ್ಲದೆ ಸರಿಹೋಗುತ್ತವೆ. ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಸಾಕು.

ಮೊದಲು ಚಿತ್ರವನ್ನೇ ಸರಿಯಾಗಿ ನೋಡಿ

ಚಿತ್ರ ಹೇಗೆ ಕೆಟ್ಟಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಗೆರೆಗಳೆಲ್ಲ ನೆಟ್ಟಗಿದ್ದು ಇಡೀ ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಮಾನಿಟರ್‌ಗೆ ವರ್ಟಿಕಲ್ ಸಿಂಕ್ ಸಿಗುತ್ತಿಲ್ಲ. ಓರೆ ಓರೆ ಪಟ್ಟಿಗಳಾಗಿ ಹರಿದುಹೋಗಿದ್ದರೆ ಹಾರಿಜಾಂಟಲ್ ಸಿಂಕ್ ಸಿಗುತ್ತಿಲ್ಲ. ಎರಡೂ ಒಟ್ಟಿಗೆ ಆಗುತ್ತಿದ್ದರೆ ಸಿಂಕ್ ಮಾನಿಟರ್‌ವರೆಗೆ ತಲುಪುತ್ತಲೇ ಇಲ್ಲ, ಅಥವಾ ಮಾನಿಟರ್ ಅದನ್ನು ಬೇರೆಲ್ಲೋ ಹುಡುಕುತ್ತಿದೆ.

ಇನ್ನೆರಡು ಲಕ್ಷಣಗಳಿಗೆ ಸ್ವಲ್ಪ ಗಮನ ಬೇಕು. ಮೊದಲನೆಯದು, ಪರದೆಯ ಮೇಲಿನ ಕೆಲವು ಗೆರೆಗಳು ಮಾತ್ರ ಪಕ್ಕಕ್ಕೆ ಬಾಗಿರುವುದು. ಉಳಿದದ್ದೆಲ್ಲ ಸರಿಯಾಗಿರುತ್ತದೆ, ಸ್ಕೋರ್ ತೋರಿಸುವ ಸಾಲು ಮಾತ್ರ ಸೊಟ್ಟ. ಎರಡನೆಯದು, ಕತ್ತಲೆ ದೃಶ್ಯದಲ್ಲಿ ಸರಿಯಾಗಿರುವ ಚಿತ್ರ, ಬಿಳಿ ಜಾಸ್ತಿ ಇರುವ ದೃಶ್ಯ ಬಂದ ಕೂಡಲೇ ಪಕ್ಕಕ್ಕೆ ಸರಿಯುವುದು ಅಥವಾ ಹರಿಯುವುದು. ಇದನ್ನು ಪರೀಕ್ಷಿಸಲು 240ಪಿ ಟೆಸ್ಟ್ ಸೂಟ್ ಅನ್ನುವ ಉಚಿತ ಸಾಫ್ಟ್‌ವೇರ್ ಬಹಳ ಒಳ್ಳೆಯದು, ಬೇರೆ ಬೇರೆ ಕನ್ಸೋಲ್‌ಗಳಿಗೆ ಸಿಗುತ್ತದೆ. ಅದರಲ್ಲಿ ಪೂರ್ತಿ ಬಿಳಿ ಪರದೆ ಹಾಕಿ, ಆಮೇಲೆ ಕಪ್ಪು ಹಾಕಿ. ಅಂಚುಗಳು ಅಲ್ಲಾಡಿದರೆ ತೊಂದರೆ ಯಾವುದು ಅಂತ ಗೊತ್ತಾಯಿತು. ಎರಡಕ್ಕೂ ಕಾರಣ ಕೆಳಗೆ ಹೇಳುತ್ತೇನೆ.

ಒಂದು ಬಟನ್, ಒಂದು ಸಂಖ್ಯೆ

ಸೋನಿ ಪಿವಿಎಂ ಥರದ ಸ್ಟುಡಿಯೊ ಮಾನಿಟರ್ ಆದರೆ ಮುಂದಿನ ಪ್ಯಾನೆಲ್‌ನಲ್ಲಿ ಎಕ್ಸ್‌ಟರ್ನಲ್ ಸಿಂಕ್ ಬಟನ್ ಇದೆಯಾ ನೋಡಿ. ಅದು ಆಫ್ ಇದ್ದರೆ ಮಾನಿಟರ್ ಹಸಿರು ತಂತಿಯ ಮೇಲೆಯೇ ಸಿಂಕ್ ಬರುತ್ತದೆ ಅಂದುಕೊಂಡು ಅಲ್ಲಿ ಹುಡುಕುತ್ತದೆ. ಹೆಚ್ಚಿನ ಕನ್ಸೋಲ್‌ಗಳು ಹಸಿರಿನಲ್ಲಿ ಸಿಂಕ್ ಕಳಿಸುವುದಿಲ್ಲ. ಹಾಗಾಗಿ ನಾಲ್ಕನೇ ತಂತಿಯಲ್ಲಿ ಎಷ್ಟೇ ಒಳ್ಳೆಯ ಸಿಂಕ್ ಬಂದರೂ ಮಾನಿಟರ್ ಆ ಕಡೆ ನೋಡುವುದೇ ಇಲ್ಲ, ಚಿತ್ರ ಉರುಳುತ್ತಲೇ ಇರುತ್ತದೆ. ಬಟನ್ ಒತ್ತಿದರೆ ಕೆಲಸ ಮುಗಿಯಿತು. ಕೆಲವು ಮಾಡೆಲ್‌ಗಳಲ್ಲಿ ಇದು ಮೆನು ಒಳಗಿರುತ್ತದೆ.

ಸಂಖ್ಯೆ ಅಂದರೆ ಹಾರಿಜಾಂಟಲ್ ಫ್ರೀಕ್ವೆನ್ಸಿ. ಹಳೇ ಕನ್ಸೋಲ್‌ಗಳೆಲ್ಲ ಸುಮಾರು 15.7 ಕಿಲೋಹರ್ಟ್ಸ್‌ನಲ್ಲಿ ಓಡುತ್ತವೆ. ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿ) ಲೆಕ್ಕದಲ್ಲಿ 15.734, ಪಾಲ್ (ಯುರೋಪ್, ಭಾರತದ ಪದ್ಧತಿ) ಲೆಕ್ಕದಲ್ಲಿ 15.625. ವಿಜಿಎ ಕಂಪ್ಯೂಟರ್ ಮಾನಿಟರ್ ಶುರುವಾಗುವುದೇ 31 ಕಿಲೋಹರ್ಟ್ಸ್ ಹತ್ತಿರ. ಎರಡಕ್ಕೂ ಆರ್‌ಜಿಬಿ ಅಂತಲೇ ಹೆಸರು, ಆದರೆ ಒಂದರ ಸಿಗ್ನಲ್ ಇನ್ನೊಂದರಲ್ಲಿ ನಿಲ್ಲುವುದಿಲ್ಲ. ಮಾನಿಟರ್‌ನ ಮ್ಯಾನುಯಲ್‌ನಲ್ಲಿ ಈ ಸಂಖ್ಯೆ ನೋಡಿಕೊಳ್ಳಿ. ಡ್ರೀಮ್‌ಕಾಸ್ಟ್ ಇದ್ದವರು ಇನ್ನೂ ಜಾಗ್ರತೆಯಾಗಿರಬೇಕು. ಅದು ಹಾಕಿದ ಕೇಬಲ್ ನೋಡಿಕೊಂಡು 15 ಅಥವಾ 31 ಕಿಲೋಹರ್ಟ್ಸ್‌ಗೆ ಬದಲಾಗುತ್ತದೆ. ವಿಜಿಎ ಕೇಬಲ್ ಹಾಕಿ 15 ಕಿಲೋಹರ್ಟ್ಸ್ ಮಾನಿಟರ್‌ಗೆ ಜೋಡಿಸಿದರೆ ಚಿತ್ರ ಸುತರಾಂ ನಿಲ್ಲುವುದಿಲ್ಲ.

ಸಿಂಕ್ ಬರುವ ದಾರಿಗಳು

ಒಂದೇ ಸಿಂಕ್ ಮಾಹಿತಿ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಎಲ್ಲಕ್ಕಿಂತ ಶುದ್ಧವಾದದ್ದು ಸಿ-ಸಿಂಕ್. ಹಾರಿಜಾಂಟಲ್, ವರ್ಟಿಕಲ್ ಎರಡೂ ಸೇರಿದ ಬರೀ ಪಲ್ಸ್‌ಗಳು, ಚಿತ್ರದ ಮಾಹಿತಿ ಏನೂ ಇಲ್ಲ. ಎರಡನೆಯದು ಎಸ್-ವಿಡಿಯೊದ ಲೂಮಾ ತಂತಿ. ಅದರಲ್ಲಿ ಕಪ್ಪು ಬಿಳುಪು ಚಿತ್ರ, ಅದರ ಕೆಳಗೆ ಸಿಂಕ್. ಮೂರನೆಯದು ಕಾಂಪೊಸಿಟ್ ವಿಡಿಯೊ, ಅಂದರೆ ಹಳದಿ ಪ್ಲಗ್‌ನಲ್ಲಿ ಬರುವ ಇಡೀ ಚಿತ್ರ. ಬಣ್ಣ, ಬೆಳಕು, ಸಿಂಕ್ ಎಲ್ಲ ಅದರಲ್ಲೇ. ಮಾನಿಟರ್ ಅದರಿಂದ ಸಿಂಕ್ ಮಾತ್ರ ಬೇರ್ಪಡಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟುಬಿಡುತ್ತದೆ. ಇವಲ್ಲದೆ ಹಸಿರಿನ ಮೇಲೆ ಬರುವ ಸಿಂಕ್ ಇದೆ, ವಿಜಿಎ ಥರ ಎರಡು ಬೇರೆ ಬೇರೆ ತಂತಿಗಳಲ್ಲಿ ಬರುವುದೂ ಇದೆ.

ಸ್ಕಾರ್ಟ್ (ಯುರೋಪಿನ ಟಿವಿಗಳ 21 ಪಿನ್ ಸಾಕೆಟ್) ಇರುವ ಮನೆ ಟಿವಿಗಳು ಕಾಂಪೊಸಿಟ್ ನಿರೀಕ್ಷಿಸಿಯೇ ತಯಾರಾದವು, ಅವುಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಸ್ಟುಡಿಯೊ ಮಾನಿಟರ್‌ಗಳಲ್ಲಿ ಕೆಲವು ಮೂರನ್ನೂ ಸ್ವೀಕರಿಸುತ್ತವೆ, ಕೆಲವು ಸಿ-ಸಿಂಕ್ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ನನ್ನ ಆಯ್ಕೆ ಕೇಳಿದರೆ ಕನ್ಸೋಲ್ ಸಿ-ಸಿಂಕ್ ಕೊಡುವುದಾದರೆ ಅದೇ, ಇಲ್ಲದಿದ್ದರೆ ಲೂಮಾ. ಕಾಂಪೊಸಿಟ್ ಕೊನೆಗೆ ಇರಲಿ. ಅದರಲ್ಲಿರುವ ಬಣ್ಣದ ಸಿಗ್ನಲ್ ಕೇಬಲ್ ಒಳಗೇ ಪಕ್ಕದ ತಂತಿಗಳಿಗೆ ಸೋರಿ ಚಿತ್ರದ ಮೇಲೆ ಸಣ್ಣ ಚೌಕಳಿಗಳ ಜಾಲ ಮೂಡಿಸುತ್ತದೆ. ಪ್ಲೇಸ್ಟೇಷನ್‌ನಲ್ಲಂತೂ ಇದು ಚೆನ್ನಾಗಿ ಕಾಣುತ್ತದೆ.

ಬಿಳಿ ಪರದೆ ಬಂದಾಗ ಚಿತ್ರ ಸರಿಯುವುದಕ್ಕೂ ಕಾರಣ ಇಲ್ಲೇ ಇದೆ. ಸಿಂಕ್ ಪಲ್ಸ್ ಚಿತ್ರದ ಕಪ್ಪಿಗಿಂತ 0.3 ವೋಲ್ಟ್ ಕೆಳಗಿರುತ್ತದೆ, ಬಿಳಿ 0.7 ವೋಲ್ಟ್ ಮೇಲಿರುತ್ತದೆ. ಸಿಗ್ನಲ್ ಕೆಪಾಸಿಟರ್ ದಾಟಿ ಬಂದಾಗ ಚಿತ್ರ ಬೆಳಗಾದಷ್ಟೂ ಇಡೀ ಸಿಗ್ನಲ್ ಕೆಳಕ್ಕೆ ಜಾರುತ್ತದೆ. ಮಾನಿಟರ್‌ನ ಸಿಂಕ್ ಬೇರ್ಪಡಿಸುವ ಭಾಗ ಈ ಜಾರುವಿಕೆಯನ್ನು ಸರಿಯಾಗಿ ಹಿಡಿಯದಿದ್ದರೆ ಪಲ್ಸ್‌ನ ಅಂಚು ಎಲ್ಲಿದೆ ಅನ್ನುವುದು ತಪ್ಪಿಹೋಗುತ್ತದೆ. ಸಿ-ಸಿಂಕ್‌ನಲ್ಲಿ ಚಿತ್ರವೇ ಇಲ್ಲ, ಹಾಗಾಗಿ ಜಾರುವ ಮಾತೂ ಇಲ್ಲ.

ವೋಲ್ಟ್ ಮತ್ತು 75 ಓಮ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಸಿಂಕ್ ತೊಂದರೆಗಳಲ್ಲಿ ಅಪಾಯ ಇರುವ ಭಾಗ ಇದು.

ವಿಡಿಯೊ ಜಗತ್ತಿನಲ್ಲಿ ಎಲ್ಲ ತಂತಿಗಳೂ 75 ಓಮ್ ಲೆಕ್ಕದಲ್ಲಿ ನಡೆಯುತ್ತವೆ. ಮಾನಿಟರ್ ಒಳಗೆ ಪ್ರತಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ ಒಂದು 75 ಓಮ್ ರೆಸಿಸ್ಟರ್ ಇರುತ್ತದೆ, ಅದಕ್ಕೆ ಟರ್ಮಿನೇಷನ್ ಅನ್ನುತ್ತಾರೆ. ಸ್ಕಾರ್ಟ್‌ನ 20ನೇ ಪಿನ್‌ನಲ್ಲಿ ಬರೀ ಸಿಂಕ್ ಬಂದರೆ ಅದು ಸುಮಾರು 0.3 ವೋಲ್ಟ್, ಕಾಂಪೊಸಿಟ್ ಬಂದರೆ ಒಟ್ಟು 1 ವೋಲ್ಟ್. ಆದರೆ ಮೆಗಾ ಡ್ರೈವ್, ಸ್ಯಾಟರ್ನ್ ಥರದ ಕನ್ಸೋಲ್‌ಗಳ ಸಿ-ಸಿಂಕ್ ಬರುವುದು ಟಿಟಿಎಲ್ ಮಟ್ಟದಲ್ಲಿ, ಅಂದರೆ 5 ವೋಲ್ಟ್ ಲೆಕ್ಕದಲ್ಲಿ. ಅದನ್ನು ನೇರವಾಗಿ 75 ಓಮ್‌ಗೆ ಸುರಿದರೆ 60 ಮಿಲಿಆಂಪ್‌ಗಿಂತ ಜಾಸ್ತಿ ಕರೆಂಟ್ ಕೇಳಿದಂತಾಗುತ್ತದೆ. ಕನ್ಸೋಲ್ ಒಳಗಿನ ಪುಟ್ಟ ಚಿಪ್ ಅಷ್ಟು ಕೊಡಲು ತಯಾರಾದದ್ದಲ್ಲ. ಮಾನಿಟರ್ ಕಡೆಯಲ್ಲೂ, ಅಥವಾ ಮಧ್ಯದಲ್ಲಿರುವ ಸ್ವಿಚ್ ಅಥವಾ ಸ್ಕೇಲರ್‌ನಲ್ಲೂ (ಹಳೇ ಸಿಗ್ನಲನ್ನು ಹೊಸ ಟಿವಿಗೆ ಹೊಂದಿಸುವ ಪೆಟ್ಟಿಗೆ), ಇಷ್ಟು ವೋಲ್ಟ್ ತಡೆಯದ ಭಾಗಗಳಿರಬಹುದು.

ಪರಿಹಾರ ತುಂಬ ಸುಲಭ. ಕೇಬಲ್‌ನಲ್ಲಿ ಸಿಂಕ್ ತಂತಿಗೆ ಸರಣಿಯಲ್ಲಿ ಒಂದು 470 ಓಮ್ ರೆಸಿಸ್ಟರ್. ಮಾನಿಟರ್‌ನ 75 ಓಮ್ ಜೊತೆ ಸೇರಿ ಅದು 5 ವೋಲ್ಟನ್ನು ಸುಮಾರು 0.69 ವೋಲ್ಟ್‌ಗೆ ಇಳಿಸುತ್ತದೆ. ಬಹುತೇಕ ಎಲ್ಲ ಮಾನಿಟರ್‌ಗಳಿಗೂ ಅದು ಹಿತವಾದ ಮಟ್ಟ.

ನಿಮ್ಮ ಕೇಬಲ್‌ನಲ್ಲಿ ಅದು ಇದೆಯಾ ಅಂತ ಅಳೆಯುವುದು ಹೀಗೆ. ಕೇಬಲನ್ನು ಎರಡೂ ಕಡೆ ಬಿಚ್ಚಿ ಮೇಜಿನ ಮೇಲಿಡಿ. ಮಲ್ಟಿಮೀಟರನ್ನು ಓಮ್‌ಗೆ ಹಾಕಿ. ಒಂದು ಕಡ್ಡಿಯನ್ನು ಕನ್ಸೋಲ್ ಕಡೆಯ ಪ್ಲಗ್‌ನ ಸಿಂಕ್ ಪಿನ್‌ಗೆ, ಇನ್ನೊಂದನ್ನು ಸ್ಕಾರ್ಟ್‌ನ 20ನೇ ಪಿನ್‌ಗೆ ಅಥವಾ ಬಿಎನ್‌ಸಿ ಪ್ಲಗ್‌ನ (ಸ್ಟುಡಿಯೊ ಮಾನಿಟರ್‌ಗಳ ದುಂಡನೆಯ ಪ್ಲಗ್) ನಡುವಿನ ಸೂಜಿಗೆ ಮುಟ್ಟಿಸಿ. 470 ಹತ್ತಿರ ಬಂದರೆ ರೆಸಿಸ್ಟರ್ ಇದೆ. ಸೊನ್ನೆ ಹತ್ತಿರ ಬಂದರೆ ತಂತಿ ನೇರವಾಗಿದೆ. ಮೀಟರ್‌ನ ಅಂಕಿ ಏರುತ್ತಾ ಏರುತ್ತಾ ಕೊನೆಗೆ ಓಪನ್ ಅಂತ ತೋರಿಸಿದರೆ ಮಧ್ಯದಲ್ಲಿ ಕೆಪಾಸಿಟರ್ ಇದೆ, ಆಗ ಪ್ಲಗ್‌ನ ಕವಚ ಬಿಚ್ಚಿ ಕಣ್ಣಾರೆ ನೋಡುವುದೇ ಸರಿ. 470 ಓಮ್ ರೆಸಿಸ್ಟರ್ ಮೇಲೆ ಹಳದಿ, ನೇರಳೆ, ಕಂದು ಪಟ್ಟಿಗಳಿರುತ್ತವೆ. ಸ್ಕಾರ್ಟ್ ಪ್ಲಗ್ ಒಳಗೆ ಒತ್ತೊತ್ತಾಗಿ ತುಂಬಿದ ಭಾಗಗಳ ನಡುವೆ 20ನೇ ಪಿನ್‌ಗೆ ಹೋಗುವ ತಂತಿ ಹಿಡಿದು ಹಿಂದಕ್ಕೆ ಹೋದರೆ ಸಿಕ್ಕೇ ಸಿಗುತ್ತದೆ.

ಅದೇ ಹೊತ್ತಿನಲ್ಲಿ 20ನೇ ಪಿನ್ ಮತ್ತು ಗ್ರೌಂಡ್ ನಡುವೆಯೂ ಅಳೆಯಿರಿ. ಅಲ್ಲಿ ಸೊನ್ನೆ ಬಂದರೆ ಬೆಸುಗೆ ಎಲ್ಲೋ ತಾಗಿಕೊಂಡಿದೆ. ಇಂಥ ಕೇಬಲ್‌ನಿಂದ ಸಿಂಕ್ ಎಂದಿಗೂ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಆರ್ಕೇಡ್ ಮಾನಿಟರ್ ಮತ್ತು ಕೆಲವು ಕಂಪ್ಯೂಟರ್ ಮಾನಿಟರ್‌ಗಳು ಟಿಟಿಎಲ್ ಮಟ್ಟದ ಸಿಂಕನ್ನೇ ಕೇಳುತ್ತವೆ. ಅವಕ್ಕೆ ಅರ್ಧ ವೋಲ್ಟ್ ಕಳಿಸಿದರೆ ಏನೂ ಬಂದಿಲ್ಲ ಅಂದುಕೊಳ್ಳುತ್ತವೆ. ಅಲ್ಲಿ ಇಳಿಸುವುದಲ್ಲ, ಏರಿಸಬೇಕು.

ಟರ್ಮಿನೇಷನ್ ಬಗ್ಗೆ ಇನ್ನೊಂದು ಮಾತು. ಸ್ಟುಡಿಯೊ ಮಾನಿಟರ್‌ಗಳ ಹಿಂದೆ ಪ್ರತಿ ಇನ್‌ಪುಟ್ ಪಕ್ಕ ಒಂದು ಔಟ್ ಸಾಕೆಟ್ ಇರುತ್ತದೆ, ಸಿಗ್ನಲನ್ನು ಮುಂದಿನ ಮಾನಿಟರ್‌ಗೆ ದಾಟಿಸಲು. ಹಲವು ಮಾಡೆಲ್‌ಗಳಲ್ಲಿ ಔಟ್‌ಗೆ ಪ್ಲಗ್ ಹಾಕಿದ ಕೂಡಲೇ ಒಳಗಿನ 75 ಓಮ್ ತಾನಾಗಿಯೇ ಬಿಟ್ಟುಹೋಗುತ್ತದೆ, ಕೆಲವದರಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಔಟ್‌ನಲ್ಲಿ ಸುಮ್ನೆ ಒಂದು ಕೇಬಲ್ ನೇತಾಡುತ್ತಿದ್ದರೆ ತೆಗೆದುಬಿಡಿ. ಟರ್ಮಿನೇಷನ್ ಇಲ್ಲದೆ ಚಿತ್ರ ಅತಿ ಬೆಳಗಾಗುತ್ತದೆ, ಮೇಲೆ ಹೇಳಿದ 470 ಓಮ್ ಲೆಕ್ಕವೂ ಕೆಟ್ಟು ಸಿಂಕ್ ಹೆಚ್ಚುಕಡಿಮೆ ಪೂರ್ತಿ 5 ವೋಲ್ಟ್‌ಗೆ ಏರುತ್ತದೆ. ಟಿ ಆಕಾರದ ಕನೆಕ್ಟರ್ ಹಾಕಿ ಎರಡು ಮಾನಿಟರ್‌ಗೆ ಹಂಚಿದರೆ ಉಲ್ಟಾ ಆಗುತ್ತದೆ. ಎರಡೂ ಕಡೆ 75 ಓಮ್ ಇದ್ದರೆ ಸಿಗ್ನಲ್ ಮೂರನೇ ಎರಡರಷ್ಟಕ್ಕೆ ಇಳಿದು ಚಿತ್ರ ಮಂಕಾಗುತ್ತದೆ, ಸಿಂಕ್ ಆಗಾಗ ಕೈಕೊಡುತ್ತದೆ. ದಾರಿಯ ಕೊನೆಯಲ್ಲಿ, ಅಲ್ಲಿ ಮಾತ್ರ, ಒಂದೇ ಒಂದು ಟರ್ಮಿನೇಷನ್ ಇರಬೇಕು.

ಕನ್ಸೋಲ್ ಪ್ರಕಾರ

ಮೆಗಾ ಡ್ರೈವ್‌ನ ಮೊದಲ ಮಾಡೆಲ್‌ನಲ್ಲಿ 8 ಪಿನ್ ಡಿನ್ ಸಾಕೆಟ್, ಎರಡನೆಯದರಲ್ಲಿ 9 ಪಿನ್ ಮಿನಿ ಡಿನ್. ಎರಡೂ ಸಿ-ಸಿಂಕ್ ಕೊಡುತ್ತವೆ, ರೆಸಿಸ್ಟರ್ ಇರುವ ಕೇಬಲ್ ಹಾಕಿದರೆ ಇದರಷ್ಟು ಸುಲಭದ ಕನ್ಸೋಲ್ ಬೇರೆ ಇಲ್ಲ. ಶುರು ಮಾಡುವವರು ಇದರಿಂದಲೇ ಶುರು ಮಾಡಿ.

ಸೂಪರ್ ನಿಂಟೆಂಡೊ ವಿಷಯದಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಎನ್‌ಟಿಎಸ್‌ಸಿ ಸೂಪರ್ ನಿಂಟೆಂಡೊ ಮತ್ತು ಅದರ ಜಪಾನಿನ ರೂಪವಾದ ಸೂಪರ್ ಫ್ಯಾಮಿಕಾಮ್‌ನಲ್ಲಿ ಮಲ್ಟಿ ಔಟ್ ಸಾಕೆಟ್‌ನ 3ನೇ ಪಿನ್ ಸಿ-ಸಿಂಕ್. ಪಾಲ್ ಮೆಷಿನ್‌ನಲ್ಲಿ ಅದೇ 3ನೇ ಪಿನ್‌ನಲ್ಲಿ 12 ವೋಲ್ಟ್ ಬರುತ್ತದೆ, ಸ್ಕಾರ್ಟ್ ಟಿವಿಯನ್ನು ತಾನಾಗಿ ಚಾನೆಲ್ ಬದಲಿಸುವಂತೆ ಮಾಡಲು. ಸಾಕೆಟ್ ನೋಡಲು ಒಂದೇ ಥರ, ಪ್ಲಗ್ ಆರಾಮಾಗಿ ಕೂರುತ್ತದೆ. ಎನ್‌ಟಿಎಸ್‌ಸಿ ಸಿ-ಸಿಂಕ್ ಕೇಬಲನ್ನು ಪಾಲ್ ಮೆಷಿನ್‌ಗೆ ಹಾಕಿದರೆ ಮಾನಿಟರ್‌ನ ಸಿಂಕ್ ಇನ್‌ಪುಟ್‌ಗೆ 12 ವೋಲ್ಟ್ ಹೋಗುತ್ತದೆ. ಸಿಂಕ್ ತಂತಿಯೇ ಇಷ್ಟು ಅಪಾಯಕಾರಿ ಆಗುವುದು ಅಪರೂಪ, ಹಾಗಾಗಿ ಕೇಬಲ್ ಮೇಲೆ ಚೀಟಿ ಅಂಟಿಸಿಡಿ. ಎರಡರ ಬಣ್ಣದ ತಂತಿಗಳೂ ಬೇರೆ: ಎನ್‌ಟಿಎಸ್‌ಸಿ ಕೇಬಲ್‌ನಲ್ಲಿ 220 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು ಬೇಕು, ಪಾಲ್ ಕೇಬಲ್‌ನಲ್ಲಿ ಗ್ರೌಂಡ್‌ಗೆ 75 ಓಮ್ ರೆಸಿಸ್ಟರ್‌ಗಳು ಬೇಕು. ಪಾಲ್ ಮೆಷಿನ್ ಇದ್ದವರು ಲೂಮಾ ಕೇಬಲ್ ತೆಗೆದುಕೊಳ್ಳಿ, ನೆಮ್ಮದಿ.

ಪ್ಲೇಸ್ಟೇಷನ್‌ಗೂ ಲೂಮಾವೇ ಸರಿ. ಆದರೆ ಗನ್‌ಕಾನ್ ಬಂದೂಕು ಬಳಸುವವರಿಗೆ ಒಂದು ವಿಷಯ: ಅದು ತನ್ನ ಟೈಮಿಂಗ್‌ಗೆ ಕಾಂಪೊಸಿಟ್ ಸಿಗ್ನಲ್ ಕೇಳುತ್ತದೆ, ಹಾಗಾಗಿ ಹಳದಿ ಸಾಕೆಟ್ ಕೂಡ ಇರುವ ಕೇಬಲ್ ಬೇಕು. ಪ್ಲೇಸ್ಟೇಷನ್ 2ರಲ್ಲಿ ಮೊದಲು ಸಿಸ್ಟಂ ಮೆನುಗೆ ಹೋಗಿ ಔಟ್‌ಪುಟ್ ಆರ್‌ಜಿಬಿಗೆ ಬದಲಿಸಿ. 15 ಕಿಲೋಹರ್ಟ್ಸ್‌ನಲ್ಲಿ ಅದೂ ಲೂಮಾದಿಂದ ಚೆನ್ನಾಗಿ ನಿಲ್ಲುತ್ತದೆ. ಆಟ 480ಪಿಗೆ ಹೋದ ಕೂಡಲೇ ಸಿಂಕ್ ಹಸಿರು ತಂತಿಗೆ ಹೋಗುತ್ತದೆ, ಆಗ ಎಕ್ಸ್‌ಟರ್ನಲ್ ಸಿಂಕ್ ಹುಡುಕುತ್ತಿರುವ ಮಾನಿಟರ್‌ಗೆ ಏನೂ ಸಿಗುವುದಿಲ್ಲ. ಅದಕ್ಕೆ 31 ಕಿಲೋಹರ್ಟ್ಸ್ ತಡೆಯುವ, ಹಸಿರಿನ ಮೇಲಿನ ಸಿಂಕ್ ಓದುವ ಮಾನಿಟರ್ ಬೇಕು.

ಫ್ಯಾಮಿಕಾಮ್, ನಿಂಟೆಂಡೊ 64 ಎರಡೂ ಒಳಗೆ ಮಾಡ್ (ಸರ್ಕ್ಯೂಟ್ ಮಾರ್ಪಾಡು) ಮಾಡದೆ ಆರ್‌ಜಿಬಿ ಕೊಡುವುದಿಲ್ಲ. ಮಾಡ್ ಮಾಡಿಸಿದ ಮೆಷಿನ್ ಕೊಂಡಿದ್ದರೆ ಸಿಂಕ್ ಎಲ್ಲಿಂದ ತೆಗೆದಿದ್ದಾರೆ, ರೆಸಿಸ್ಟರ್ ಮೆಷಿನ್ ಒಳಗೇ ಇದೆಯಾ ಅಂತ ಮಾರಿದವರನ್ನು ಕೇಳಿ. ಒಳಗೊಂದು, ಕೇಬಲ್‌ನಲ್ಲೊಂದು ರೆಸಿಸ್ಟರ್ ಆದರೆ ಸಿಂಕ್ ಬಡವಾಗುತ್ತದೆ.

ಇನ್ನು ಜಪಾನಿನ ಕೇಬಲ್‌ಗಳು. ಅಲ್ಲಿನ 21 ಪಿನ್ ಆರ್‌ಜಿಬಿ ಪ್ಲಗ್ ನೋಡಲು ಥೇಟ್ ಸ್ಕಾರ್ಟ್. ಒಳಗಿನ ಜೋಡಣೆ ಬೇರೆ. ಸ್ಕಾರ್ಟ್‌ನಲ್ಲಿ ಸಿಂಕ್ ಇರುವ 20ನೇ ಪಿನ್‌ನಲ್ಲಿ ಅದಕ್ಕೆ ನೀಲಿ ಬಣ್ಣ ಬರುತ್ತದೆ. ಕೆಂಪು ಮಾತ್ರ ಎರಡರಲ್ಲೂ 15ನೇ ಪಿನ್. ಹಾಗಾಗಿ ಚಿತ್ರ ಕೆಂಪಗೆ ಬಂದು ಹರಿದುಹೋಗಿದ್ದರೆ ಮೊದಲು ಈ ಅನುಮಾನ ಪಡಿ, ಕೂಡಲೇ ಕೇಬಲ್ ತೆಗೆಯಿರಿ.

ಸಿ-ಸಿಂಕ್ ಇಲ್ಲವೇ ಇಲ್ಲ, ಮಾನಿಟರ್ ಅದನ್ನೇ ಕೇಳುತ್ತದೆ ಅಂದರೆ

ಎಲ್‌ಎಂ1881 ಅನ್ನುವ 8 ಕಾಲಿನ ಚಿಪ್ ಇದೆ. ಕಾಂಪೊಸಿಟ್ ಅಥವಾ ಲೂಮಾ ಕೊಟ್ಟರೆ ಚಿತ್ರವನ್ನು ತೆಗೆದುಹಾಕಿ ಬರೀ ಸಿಂಕ್ ಹೊರಗೆ ಕೊಡುತ್ತದೆ. ಬೆಸುಗೆ ಹಿಡಿದು ಗೊತ್ತಿರುವವರು ಒಂದು ಸಂಜೆಯಲ್ಲಿ ಕಟ್ಟಬಹುದು. 8ನೇ ಕಾಲಿಗೆ 5 ವೋಲ್ಟ್, 4ನೆಯದಕ್ಕೆ ಗ್ರೌಂಡ್. ವಿಡಿಯೊ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ 2ನೇ ಕಾಲಿಗೆ ಬರಬೇಕು. 6ನೇ ಕಾಲಿನಿಂದ ಗ್ರೌಂಡ್‌ಗೆ 680 ಕಿಲೋ ಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ ಇನ್ನೊಂದು 0.1 ಮೈಕ್ರೋಫ್ಯಾರಡ್. ಸಿಂಕ್ ಬರುವುದು 1ನೇ ಕಾಲಿನಲ್ಲಿ. ಅದು ಟಿಟಿಎಲ್ ಮಟ್ಟದಲ್ಲಿರುತ್ತದೆ, ಆದ್ದರಿಂದ 75 ಓಮ್ ಇನ್‌ಪುಟ್‌ಗೆ ಹೋಗುವುದಾದರೆ ಮತ್ತೆ ಅದೇ 470 ಓಮ್ ಹಾಕಬೇಕು. ಟಿಟಿಎಲ್ ಕೇಳುವ ಮಾನಿಟರ್‌ಗಾದರೆ ನೇರವಾಗಿ ಕೊಡಬಹುದು. ಮೇಲೆ ಏರಿಸಬೇಕು ಅಂದೆನಲ್ಲ, ಅದಕ್ಕೂ ಇದೇ ಚಿಪ್ ಸಾಕು. ವಿಡಿಯೊ ಇನ್‌ಪುಟ್ ಕಡೆ 75 ಓಮ್ ಟರ್ಮಿನೇಷನ್ ಹಾಕುವುದನ್ನು ಮರೆಯಬೇಡಿ.

ಹಾರಿಜಾಂಟಲ್, ವರ್ಟಿಕಲ್ ಎರಡು ಬೇರೆ ತಂತಿಗಳಲ್ಲಿ ಬರುತ್ತಿದ್ದರೆ ಅವನ್ನು ಸುಮ್ನೆ ರೆಸಿಸ್ಟರ್ ಅಥವಾ ಡಯೋಡ್ ಹಾಕಿ ಸೇರಿಸುವುದು ಚಾಲ್ತಿಯಲ್ಲಿದೆ. ಚಿತ್ರದ ತಲೆ ಬಾಗುವುದು ಹೆಚ್ಚಾಗಿ ಇದರಿಂದಲೇ. ವರ್ಟಿಕಲ್ ಪಲ್ಸ್ ಕೆಲವು ಗೆರೆಗಳಷ್ಟು ಹೊತ್ತು ಇರುತ್ತದೆ. ಆ ಹೊತ್ತಿನಲ್ಲೂ ಹಾರಿಜಾಂಟಲ್ ಅಂಚುಗಳು ಬರುತ್ತಲೇ ಇರಬೇಕು. ಸುಮ್ನೆ ಸೇರಿಸಿದಾಗ ಅವು ಮುಳುಗಿಹೋಗುತ್ತವೆ, ಮಾನಿಟರ್‌ನ ಹಾರಿಜಾಂಟಲ್ ಭಾಗ ಅಷ್ಟರಲ್ಲಿ ದಾರಿ ತಪ್ಪಿ, ಮತ್ತೆ ಹಿಡಿತಕ್ಕೆ ಬರಲು ಪರದೆಯ ಮೇಲಿನ ಕೆಲವು ಗೆರೆಗಳನ್ನು ತೆಗೆದುಕೊಳ್ಳುತ್ತದೆ. 74ಎಚ್‌ಸಿ86 ಥರದ ಎಕ್ಸ್‌ಓಆರ್ (XOR) ಗೇಟ್ ಚಿಪ್ ಮೂಲಕ ಸೇರಿಸಿದರೆ ವರ್ಟಿಕಲ್ ಪಲ್ಸ್ ಒಳಗೂ ಅಂಚುಗಳು ಉಳಿಯುತ್ತವೆ, ಬಾಗುವುದು ನಿಲ್ಲುತ್ತದೆ.

ಆಗಾಗ ಮಾತ್ರ ತಪ್ಪುವ ಸಿಂಕ್

ಇದು ಎಲ್ಲಕ್ಕಿಂತ ತಲೆನೋವು, ಅಲ್ವಾ? ಚೆನ್ನಾಗಿ ಓಡುತ್ತಿರುವಾಗ ಒಂದು ಕ್ಷಣ ಚಿತ್ರ ಹಾರಿ ಮತ್ತೆ ಸರಿಯಾಗುತ್ತದೆ. ಪ್ಲಗ್ ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿಸಿದಾಗೆಲ್ಲ ಹಾರಿದರೆ ಸಾಕೆಟ್‌ನ ಬೆಸುಗೆ ಬಿರುಕು ಬಿಟ್ಟಿದೆ ಅಥವಾ ಗ್ರೌಂಡ್ ಸರಿಯಾಗಿ ತಾಗುತ್ತಿಲ್ಲ. ಸಿಂಕ್ ತಂತಿಗೂ ಅದರದ್ದೇ ಗ್ರೌಂಡ್ ಬೇಕು ಅನ್ನುವುದನ್ನು ಅಗ್ಗದ ಕೇಬಲ್ ಮಾಡುವವರು ಮರೆಯುತ್ತಾರೆ. ಸ್ಪೀಕರ್‌ನಲ್ಲಿ ಝುಂಯ್ ಅಂತ ಬರುತ್ತಾ ಚಿತ್ರ ಬೆಳಗಾದಾಗ ಅದು ಜೋರಾದರೆ ತಂತಿಗಳಿಗೆ ಬೇರೆ ಬೇರೆ ಕವಚ ಇಲ್ಲ ಅಂತ ಅರ್ಥ. ಒಂದೊಂದು ತಂತಿಗೂ ಕೋಆಕ್ಸ್ ಇರುವ ಕೇಬಲ್‌ಗೆ ದುಡ್ಡು ಹಾಕುವುದು ಈ ಒಂದು ಕಡೆ ನಿಜಕ್ಕೂ ಸಾರ್ಥಕ.

ಸ್ಕಾರ್ಟ್ ಸ್ವಿಚ್ ಮಧ್ಯದಲ್ಲಿದ್ದರೆ ಅದನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಆಸಿಲೋಸ್ಕೋಪ್ ಸಿಗುವುದಾದರೆ ಸಿಂಕ್ ತಂತಿಯನ್ನು, ಮಾನಿಟರ್ ಜೋಡಿಸಿದ ಸ್ಥಿತಿಯಲ್ಲೇ, ನೋಡಿ. ಎನ್‌ಟಿಎಸ್‌ಸಿ ಆದರೆ ಸುಮಾರು 63.5 ಮೈಕ್ರೋಸೆಕೆಂಡಿಗೊಮ್ಮೆ, ಪಾಲ್ ಆದರೆ 64ಕ್ಕೊಮ್ಮೆ, ಸುಮಾರು 4.7 ಮೈಕ್ರೋಸೆಕೆಂಡ್ ಅಗಲದ ಗುಂಡಿಯಂತೆ ಕೆಳಕ್ಕಿಳಿದು ಮೇಲೇಳಬೇಕು. ಅಂಚುಗಳು ಕಡಿದಾಗಿರಬೇಕು. ದುಂಡಗಾಗಿದ್ದರೆ ಲೋಡ್ ಜಾಸ್ತಿಯಾಗಿದೆ, ಮೇಲೆ ಅಲೆಗಳಿದ್ದರೆ ಟರ್ಮಿನೇಷನ್ ಇಲ್ಲ.

ಸಿಆರ್‌ಟಿಯಲ್ಲಿ (ಪಿಕ್ಚರ್ ಟ್ಯೂಬ್ ಇರುವ ಹಳೇ ಮಾನಿಟರ್) ಕಲ್ಲಿನಂತೆ ನಿಲ್ಲುವ ಸೂಪರ್ ನಿಂಟೆಂಡೊ ಸ್ಕೇಲರ್ ಮೂಲಕ ಹೊಸ ಟಿವಿಯಲ್ಲಿ ನಡುಗಿದರೆ ಕೇಬಲನ್ನು ದೂರಬೇಡಿ. ಆ ಮೆಷಿನ್ ಒಂದು ಗೆರೆಗೆ 1364 ಕ್ಲಾಕ್ ತೆಗೆದುಕೊಳ್ಳುತ್ತದೆ, ಆದರೆ ಒಂದು ಬಿಟ್ಟು ಒಂದು ಫ್ರೇಮ್‌ನಲ್ಲಿ ಒಂದು ಗೆರೆ 1360ಕ್ಕೇ ಮುಗಿಯುತ್ತದೆ. ಸಿಆರ್‌ಟಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕರಾರುವಾಕ್ಕಾದ ಡಿಜಿಟಲ್ ಸಾಧನಗಳು ಮಾತ್ರ ಎಡವುತ್ತವೆ. ಇದಕ್ಕೆಂದೇ ಡಿ-ಜಿಟರ್ ಮಾಡ್ ಸಿಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ನಿಲ್ಲದಿದ್ದರೆ ಮಾನಿಟರ್ ಕಡೆ ತಿರುಗಿ. ಚೆನ್ನಾಗಿ ಓಡುತ್ತದೆ ಅಂತ ಖಾತ್ರಿ ಇರುವ ಇನ್ನೊಂದು ಕನ್ಸೋಲನ್ನು ಅದೇ ಇನ್‌ಪುಟ್‌ಗೆ ಹಾಕಿ. ಅದೂ ಉರುಳಿದರೆ, ಮತ್ತು ಮಾನಿಟರ್‌ನಲ್ಲಿ ವಿ-ಹೋಲ್ಡ್, ಎಚ್-ಹೋಲ್ಡ್ ತಿರುಪುಗಳು ಹೊರಗೇ ಇದ್ದರೆ, ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಮೆಷಿನ್ ಬಿಸಿಯಾದ ಮೇಲೆ ಸರಿಹೋಗುವ, ತಣ್ಣಗಿರುವಾಗ ಮಾತ್ರ ಉರುಳುವ ಮಾನಿಟರ್ ಆದರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಮುಂದಿನದು ಸಿಆರ್‌ಟಿ ರಿಪೇರಿ ಗೊತ್ತಿರುವವರ ಕೆಲಸ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಅದನ್ನು ಡಿಸ್ಚಾರ್ಜ್ ಮಾಡುವುದು ಗೊತ್ತಿಲ್ಲದೆ ಹಿಂದಿನ ಮುಚ್ಚಳ ತೆಗೆಯಬೇಡಿ.